ಉದ್ದಕ್ಕೆ ಹೋಗುವವರು, ಅಡ್ಡ ದಾಟುವವರು

ಕರಾವಳಿಯಲ್ಲಿ ಹುಟ್ಟಿ ಬೆಳೆದವರು ದಿಕ್ಕು ಕೇಳುವುದಿಲ್ಲ. ಮೂಡಕ್ಕೆ ಘಟ್ಟ, ಪಡುವಕ್ಕೆ ಕಡಲು. ಮಳೆ ಪಡುವಣದಿಂದ ಏರಿ ಬರುತ್ತದೆ, ಹೊಳೆ ಮೂಡಣದಿಂದ ಇಳಿದು ಬರುತ್ತದೆ. ಮನೆಯಿಂದ ಗದ್ದೆಗೆ, ಗದ್ದೆಯಿಂದ ತೋಡಿಗೆ, ಕಡಲ ದಂಡೆಯಿಂದ ಮೀನಿನ ಬುಟ್ಟಿ ಹೊತ್ತು ಒಳನಾಡಿನ ಮನೆಮನೆಗೆ, ದೇವರನ್ನು ಹೊತ್ತು ಅವಭೃತಕ್ಕೆ ನೀರಿನ ಕಡೆಗೆ: ಈ ನೆಲದ ದಿನನಿತ್ಯದ ಓಡಾಟವೆಲ್ಲ ಈ ಎರಡು ದಿಕ್ಕುಗಳ ನಡುವಿನದು. ಅದಕ್ಕೆ ಅಡ್ಡಲಾಗಿ ತೆಂಕಣದಿಂದ ಬಡಗಣಕ್ಕೆ ಒಂದು ದೊಡ್ಡ ರಸ್ತೆ ಮಲಗಿದೆ. ಮುಂಬಯಿಯ ಹತ್ತಿರದ ಪನ್ವೇಲದಿಂದ ಹೊರಟು ಗೋವಾ, ಕರ್ನಾಟಕ, ಕೇರಳಗಳನ್ನು ದಾಟಿ ಕನ್ಯಾಕುಮಾರಿ ಮುಟ್ಟುವ ಈ ರಾಷ್ಟ್ರೀಯ ಹೆದ್ದಾರಿ 66ರ ಉದ್ದ ಸುಮಾರು 1,600 ಕಿಲೋಮೀಟರ್. 2010ರಲ್ಲಿ ಸಂಖ್ಯೆ ಬದಲಾಗುವ ಮೊದಲು ನಮ್ಮ ಪಾಲಿಗೆ ಅದು ಹೆದ್ದಾರಿ 17 ಆಗಿತ್ತು. ತಲಪಾಡಿಯಿಂದ ಮಾಜಾಳಿವರೆಗಿನ ಸುಮಾರು 280 ಕಿಲೋಮೀಟರ್ ಕರ್ನಾಟಕಕ್ಕೆ ಸೇರಿದ್ದು.

ಈ ದಾರಿಯಲ್ಲಿ ಉದ್ದಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಬಸ್ಸಿನ ಕಿಟಕಿಯಲ್ಲಿ ತಲೆಯಿಟ್ಟು ನಿದ್ದೆ ಹೋದರೆ ಕುಂದಾಪುರದಲ್ಲೋ ಕುಮಟೆಯಲ್ಲೋ ಎಚ್ಚರವಾಗುತ್ತಿತ್ತು. ಹಾಗೆ ಹೋಗುವವನಿಗೆ ರಸ್ತೆ ಅಗಲವಾದದ್ದು ಸುಖವೇ. ಈ ಮಳೆಗಾಲದಲ್ಲಿ ಮಾತ್ರ ಬೇರೆ ರೀತಿಯಲ್ಲಿ ಹೋಗಬೇಕೆನ್ನಿಸಿತು. ಸಿಕ್ಕ ಬಸ್ಸು ಹತ್ತುವುದು, ಅಲ್ಲಲ್ಲಿ ಇಳಿಯುವುದು, ಜನ ರಸ್ತೆ ದಾಟುವ ಜಾಗದಲ್ಲಿ ಹೊತ್ತು ಕಳೆಯುವುದು. ಅಡ್ಡ ದಾಟುವವರ ಕಣ್ಣಿನಲ್ಲಿ ಈ ಅಗಲೀಕರಣ ಹೇಗೆ ಕಾಣುತ್ತದೆಂದು ನೋಡುವುದು.

ಸೇತುವೆಗಳಿಲ್ಲದ ಕಾಲವನ್ನು ಹಿರಿಯರು ಹೇಳಿದ್ದನ್ನು ಕೇಳಿದ್ದೇನೆ. ಆಗ ಬಸ್ಸು ಓಡುತ್ತಿದ್ದುದು ಹೊಳೆಯಿಂದ ಹೊಳೆಗೆ. ಕಡವಿನಲ್ಲಿ ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಕಾಯುತ್ತಿದ್ದ ಇನ್ನೊಂದು ಬಸ್ಸಿಗೆ ಹತ್ತಬೇಕಿತ್ತು. ವಾಹನವೇ ದಾಟಬೇಕಾದರೆ ಜೋಡಿ ದೋಣಿಗೆ ಹಲಗೆ ಹಾಸಿದ ಜಂಗಲ್. ಮಂಗಳೂರಿನಿಂದ ಕಾರವಾರಕ್ಕೆ ಹೋಗುವವರ ದಾರಿಯಲ್ಲಿ ಫಲ್ಗುಣಿ, ಶಾಂಭವಿ, ಸುವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ ಹೀಗೆ ಒಂದರ ಹಿಂದೊಂದು ಹೊಳೆ. ಮಳೆ ಜೋರಾದರೆ ಕಡವು ಬಂದ್. ಉದ್ದಕ್ಕೆ ಹೋಗುವವನು ಅಡ್ಡ ಹರಿಯುವ ನೀರಿನ ಅಪ್ಪಣೆ ಪಡೆದೇ ಮುಂದೆ ಹೋಗಬೇಕಿತ್ತು. ಒಂದೊಂದೇ ಸೇತುವೆ ಎದ್ದ ಹಾಗೆ ಆ ಅಪ್ಪಣೆ ಬೇಡವಾಯಿತು. ಆಸ್ಪತ್ರೆ, ಕಾಲೇಜು, ಬಂದರು ಎಲ್ಲವೂ ಹತ್ತಿರವಾದವು. ಆ ಲಾಭವನ್ನು ಸಣ್ಣದೆಂದು ಹೇಳಲು ನಾನು ಸಿದ್ಧನಿಲ್ಲ.

ತಲಪಾಡಿಯಿಂದ ತೆಂಕಕ್ಕೆ ಕೇರಳದ ಹೆದ್ದಾರಿ ಆರು ಪಥವಾಗಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಎಲ್ಲವೂ ತುಳು, ಕನ್ನಡ, ಮಲಯಾಳಗಳು ಒಂದೇ ಅಂಗಡಿಯಲ್ಲಿ ಕೇಳಿಸುವ ಊರುಗಳು. ಅಲ್ಲೀಗ ನಡುವಿನ ರಸ್ತೆ ಗೋಡೆಗಳ ನಡುವೆ ಓಡುತ್ತದೆ, ಊರಿನವರಿಗೆ ಬದಿಯಲ್ಲಿ ಸರ್ವಿಸ್ ರಸ್ತೆ. ಕೆಲಸ ಅಚ್ಚುಕಟ್ಟಾಗಿದೆ, ಅದನ್ನು ಒಪ್ಪಲೇಬೇಕು. ಆದರೆ ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರದಲ್ಲಿ ಈ ಬದಿಯ ಅಂಗಡಿಯಲ್ಲಿ ನಿಂತವನಿಗೆ ಆ ಬದಿಯ ಅಂಗಡಿ ಕಾಣಿಸುವುದಿಲ್ಲ. ನಾನು ಅಲ್ಲಿ ಎದುರು ಬದಿಯ ಬಸ್ ನಿಲ್ದಾಣಕ್ಕೆ ಹೋಗಲು ಅಂಡರ್‌ಪಾಸ್ ಹುಡುಕಿಕೊಂಡು ನಡೆದೆ. ಜೊತೆಯಲ್ಲಿ ನಡೆಯುತ್ತಿದ್ದವರು ಶಾಲೆ ಬಿಟ್ಟ ಮಕ್ಕಳು. ಕೊಡೆ ಗಾಳಿಗೆ ಮಗುಚುತ್ತಿತ್ತು, ಚೀಲ ನೆನೆಯುತ್ತಿತ್ತು. ಕಾರಿನಲ್ಲಿ ಹೋಗುವವನಿಗೆ ಉಳಿದ ಎರಡು ನಿಮಿಷ ಈ ಮಕ್ಕಳ ಕಾಲಿನಿಂದ ಬಂದದ್ದು ಎಂದು ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಇನ್ನೂ ತೆಂಕಕ್ಕೆ, ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ 2025ರ ಮೇ 19ರಂದು ಇದೇ ಹೆದ್ದಾರಿಯ ಹೊಸ ಭಾಗ ಕುಸಿದದ್ದು ನೆನಪಿರಬಹುದು. ಬೈಲಿನ ನಡುವೆ ಎತ್ತರಕ್ಕೆ ಮಣ್ಣು ತುಂಬಿ ಅದರ ಮೇಲೆ ರಸ್ತೆ ಎಬ್ಬಿಸಿದ್ದರು. ಅಡಿಯಲ್ಲಿದ್ದದ್ದು ನೀರು ಕುಡಿದ ಗದ್ದೆಯ ಮಣ್ಣು. ಅದು ಭಾರ ತಾಳದೆ ಕುಗ್ಗಿತು. ಆಮೇಲೆ ಅಲ್ಲಿ ಕಂಬಗಳ ಮೇಲೆ ಸೇತುವೆ ಕಟ್ಟುವ ತೀರ್ಮಾನವಾಯಿತು. ಬೈಲು ಎಂದರೆ ಮಳೆಗಾಲದಲ್ಲಿ ನೀರು ನಿಧಾನವಾಗಿ ಪಡುವಕ್ಕೆ ಸಾಗುವ ದಾರಿ. ಅದಕ್ಕೆ ಅಡ್ಡ ದಂಡೆ ಕಟ್ಟಿ, ನಡುನಡುವೆ ಒಂದೊಂದು ಮೋರಿ ಬಿಟ್ಟರೆ ನೀರು ಒಪ್ಪಬೇಕಲ್ಲ! ನಮ್ಮ ಪತ್ರಿಕೆಗಳು ಪ್ರತಿ ಜೂನ್, ಜುಲೈಯಲ್ಲಿ ಬರೆಯುವ ಕೃತಕ ನೆರೆಯಲ್ಲಿ ಎಷ್ಟೋ ಪಾಲು ಇಂಥ ಕಡೆಯೇ ಹುಟ್ಟುತ್ತದೆ.

ಮಂಗಳೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂಪ್‌ವೆಲ್ ಫ್ಲೈಓವರ್ ಸುಮಾರು ಹತ್ತು ವರ್ಷ ಎಳೆದು 2020ರ ಜನವರಿ ಕೊನೆಗೆ ತೆರೆದದ್ದು ಎಲ್ಲರಿಗೂ ಗೊತ್ತು. ಕೂಳೂರಿನ ಹಳೆಯ ಕಮಾನು ಸೇತುವೆ ಇನ್ನೂ ಭಾರ ಹೊರುತ್ತಿದೆ. ನೆನೆಯಬೇಕಾದದ್ದು ಸುರತ್ಕಲ್. ಎರಡು ಸುಂಕದ ಕಟ್ಟೆಗಳ ನಡುವೆ 60 ಕಿಲೋಮೀಟರ್ ಇರಬೇಕೆಂಬ ನಿಯಮವಿದ್ದರೂ ಮಂಗಳೂರು ಮತ್ತು ಉಡುಪಿಯ ನಡುವೆ ಸುರತ್ಕಲ್, ಹೆಜಮಾಡಿ ಎರಡೂ ಕಡೆ ಟೋಲ್ ಕೊಡಬೇಕಿತ್ತು. ಜನ ಹಗಲು ರಾತ್ರಿ ಧರಣಿ ಕೂತರು. 2022ರ ಡಿಸೆಂಬರ್ 1ರಿಂದ ಸುರತ್ಕಲ್‌ನಲ್ಲಿ ವಸೂಲಿ ನಿಂತಿತು. ಹೆದ್ದಾರಿಯ ವಿಷಯದಲ್ಲಿ ಊರಿನವರ ಮಾತು ನಡೆದದ್ದಕ್ಕೆ ಇದೊಂದು ದಾಖಲೆ. ಅಲ್ಲಿ ಕೂತವರಲ್ಲಿ ಬಹಳಷ್ಟು ಜನ ದಿನವೂ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವವರು, ಈ ರಸ್ತೆಯ ಪಕ್ಕದಲ್ಲೇ ಮನೆ ಇದ್ದವರು.

ಉಡುಪಿ ದಾಟಿ ಕೋಟದ ಕಡೆ ಇಳಿದೆ. ಶಿವರಾಮ ಕಾರಂತರು ಹುಟ್ಟಿದ ಊರು. ಪಡುವಕ್ಕೆ ಕಡಲು, ನಡುವೆ ಹಿನ್ನೀರು, ಗದ್ದೆ, ಮತ್ತೆ ಮನೆ. ಆ ಬದಿಯಿಂದ ಈ ಬದಿಗೆ ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಡಿವೈಡರಿನ ಬಳಿ ಲಾರಿಗಳ ಸಾಲು ಮುಗಿಯಲೆಂದು ಕಾಯುತ್ತಿದ್ದರು. ದಿನಾ ಇಲ್ಲೇ ದಾಟುವುದಾ ಅಮ್ಮ ಎಂದು ಕೇಳಿದೆ.

"ಮನಿ ಇಚಿ ಬದೆಗೆ, ಗದ್ದಿ ಆಚಿ ಬದೆಗೆ. ಮುಂಚೆ ದನ ಹೊಡ್ಕಂಡ್ ಸೀದಾ ಹೋತಿದ್ದೆ. ಈಗ ದೂರ ಹೋಯಿ ಸುತ್ತ್ ಬರ್ಕ್. ಮನ್ಷರಾರೆ ಸುತ್ತ್ ಹಾಕುದೇ, ದನಕ್ಕೆ ಎಂತ ಹೇಳುದ್ ಮಗಾ?"

ಡಿವೈಡರಿನಲ್ಲಿ ತೆರವು ಎಲ್ಲಿ ಬಿಡಬೇಕೆಂದು ನಿರ್ಧರಿಸುವಾಗ ವಾಹನಗಳ ಲೆಕ್ಕ ತೆಗೆಯುತ್ತಾರೆ. ಗಂಟೆಗೆ ಎಷ್ಟು ಕಾರು, ಎಷ್ಟು ಲಾರಿ. ಬೆಳಗ್ಗೆ ಗದ್ದೆಗೆ ಹೋಗುವವರು, ಡೈರಿಗೆ ಹಾಲು ಕೊಡಲು ಹೋಗುವವರು, ಮೀನು ಮಾರುವ ಹೆಂಗಸರು, ನಾಗಬನಕ್ಕೆ ತನು ಹಾಕಲು ಹೋಗುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದವರಿಗೆ ದಾರಿಯೂ ಇಲ್ಲ. ಆದ್ದರಿಂದಲೇ ನಮ್ಮ ಚತುಷ್ಪಥದ ಉದ್ದಕ್ಕೂ ಸ್ಕೂಟರುಗಳು ಎದುರು ದಿಕ್ಕಿನಲ್ಲಿ ಬರುತ್ತವೆ, ಡಿವೈಡರಿನ ಗಿಡಗಳ ನಡುವೆ ಕಾಲುದಾರಿ ಸವೆದಿರುತ್ತದೆ. ಶಿಸ್ತಿಲ್ಲದ ಜನ ಎಂದು ಬಯ್ಯುವುದು ಸುಲಭ. ಮನೆಗೂ ಗದ್ದೆಗೂ ನಡುವೆ ದೂರದ ತಿರುವು ಇಟ್ಟವರು ಯಾರು ಎಂದೂ ಕೇಳಬೇಕು.

ಮರವಂತೆಯಲ್ಲಿ ಇಳಿಯದೆ ಹೋಗುವುದು ನನ್ನಿಂದಾಗದು. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಈ ರಸ್ತೆಯ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಮಳೆಗಾಲದ ಮರವಂತೆಯಲ್ಲಿ ಕಡಲು ಕಲ್ಲಿನ ತಡೆಗೆ ಬಡಿದು ಉಪ್ಪು ಹನಿಯನ್ನು ರಸ್ತೆಯವರೆಗೆ ಎರಚುತ್ತದೆ. ಕೊಲ್ಲೂರಿನ ಕಾಡಿನಿಂದ ಬಂದ ಹೊಳೆ ಕಡಲಿಗೆ ಇಷ್ಟು ಹತ್ತಿರ ಬಂದೂ ಸೇರದೆ ತಿರುಗಿ, ಕುಂದಾಪುರದ ಕಡೆಗೆ ಹೋಗಿ ಇತರ ಹೊಳೆಗಳೊಂದಿಗೆ ಗಂಗೊಳ್ಳಿಯಲ್ಲಿ ಕಡಲಾಗುತ್ತದೆ.

ಬೈಕು ನಿಲ್ಲಿಸಿ ಫೋಟೋ ತೆಗೆಯುವವರಲ್ಲಿ ಹೆಚ್ಚಿನವರು ಇಲ್ಲಿನ ಮಾರಸ್ವಾಮಿಯನ್ನು ಗಮನಿಸುವುದಿಲ್ಲ. ಹೊಳೆಯ ಬದಿಯಲ್ಲಿ, ಕಡಲಿಗೆ ಮುಖ ಮಾಡಿ ನಿಂತ ವರಾಹ ದೇವಸ್ಥಾನ ಅದು. ಮೀನುಗಾರರ ದೇವರು, ಬೇಸಾಯಗಾರರ ದೇವರು. ಕರ್ಕಾಟಕ ಅಮಾವಾಸ್ಯೆಯಂದು ಇಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಬರುತ್ತಾರೆ. ಕಡಲಲ್ಲಿ ಮೀಯುತ್ತಾರೆ, ಹೊಳೆಯಲ್ಲಿ ಮೀಯುತ್ತಾರೆ, ಒದ್ದೆ ಬಟ್ಟೆಯಲ್ಲಿ ರಸ್ತೆ ದಾಟಿ ದೇವರ ಎದುರು ನಿಲ್ಲುತ್ತಾರೆ. ಕಡಲಬ್ಬರ ಏರಿರುವ ಆ ಆಷಾಢದ ದಿನ ಉಪ್ಪು ನೀರು, ಸಿಹಿ ನೀರು ಎರಡರಲ್ಲೂ ಮಿಂದು ಸಂಸಾರ ಶುರು ಮಾಡುವುದರಲ್ಲಿ ಈ ನೆಲದ ಬದುಕಿನ ಒಳಗಿನ ತಿಳಿವಳಿಕೆ ಇದೆ. ಇಲ್ಲಿ ಬದುಕುವವರು ಎರಡೂ ನೀರಿಗೆ ಋಣಿಗಳು. ಆ ಎರಡು ಸ್ನಾನಗಳ ನಡುವೆ ಇಂದು ಚತುಷ್ಪಥವಿದೆ. ಜಾತ್ರೆಯ ದಿನ ಪೊಲೀಸರು ನಿಂತು ವಾಹನ ತಡೆಯುತ್ತಾರೆ, ಜನ ದಾಟುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ದೋಣಿಯಿಂದ ಮನೆಗೆ ಬರುವ ಮೀನುಗಾರನಿಗೆ ಹಾಗೆ ತಡೆದುಕೊಡುವವರಿಲ್ಲ.

ಬೈಂದೂರು ದಾಟಿದ ಕೂಡಲೇ ಒತ್ತಿನೆಣೆಯ ಗುಡ್ಡ. 2017ರ ಮಳೆಗಾಲದ ಆರಂಭದಲ್ಲೇ ಇಲ್ಲಿ ಕಡಿದ ಗುಡ್ಡ ಜಾರಿ ರಸ್ತೆಗೆ ಬಂದು ವಾಹನಗಳು ನಿಂತಿದ್ದವು. ಈಗ ಇಳಿಜಾರಿಗೆ ಸಿಮೆಂಟು ಬಳಿದಿದ್ದಾರೆ. ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಇದು ನಮ್ಮ ಗುಡ್ಡಗಳ ಸಾಮಾನ್ಯ ರಚನೆ. ಬಾವಿ ತೋಡುವವರಿಗೆ, ಕಲ್ಲು ಕೋರೆಯವರಿಗೆ ಇದು ಹೊಸತಲ್ಲ. ಮುರಕಲ್ಲಿನ ತೂತುಗಳಲ್ಲಿ ಮಳೆ ನೀರು ಸುಲಭವಾಗಿ ಇಳಿಯುತ್ತದೆ, ಶೇಡಿಗೆ ಬಂದು ನಿಲ್ಲುತ್ತದೆ. ಒದ್ದೆಯಾದ ಶೇಡಿ ಬೆಣ್ಣೆಯ ಹಾಗೆ. ಬೆರಳಿಗೆ ಹಿತ, ಭಾರಕ್ಕೆ ಅಪಾಯ. ಗುಡ್ಡದ ಬುಡ ಇರುವ ತನಕ ಮೇಲಿನ ಭಾರ ಅದರ ಮೇಲೆ ಒರಗಿ ನಿಂತಿರುತ್ತದೆ. ಬುಡವನ್ನು ನೇರ ಕಡಿದರೆ ಒರಗಲು ಏನೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಲ್ಲೂ ನೀರು ಹೋಗಲು ಚರಂಡಿ ಬಿಟ್ಟರೆ ಗುಡ್ಡ ನಿಲ್ಲುತ್ತದೆ. ಆದರೆ ಹಾಗೆ ಕಡಿಯಲು ಹೆಚ್ಚು ಜಾಗ ಬೇಕು, ಹೆಚ್ಚು ಹಣ ಬೇಕು.

ಜಾಗದ ಪ್ರಶ್ನೆ ಸರಳವಲ್ಲ. ಇಂಥ ರಸ್ತೆಗೆ 60 ಮೀಟರ್ ಅಗಲ ಬೇಕೆಂಬುದು ಹೆದ್ದಾರಿಯವರ ಲೆಕ್ಕ. ಅಷ್ಟು ಬಿಟ್ಟುಕೊಟ್ಟರೆ ಮನೆ, ತೋಟ, ಅಂಗಡಿ ಉಳಿಯುವುದಿಲ್ಲವೆಂದು ಕರಾವಳಿಯ ಜನ ಗಟ್ಟಿಯಾಗಿ ಹೇಳಿದರು, 45 ಮೀಟರಿಗೆ ಇಳಿಯಿತು. ಹೇಳಿದ್ದು ತಪ್ಪಲ್ಲ. ಐದು ಸೆಂಟ್ಸ್ ಜಾಗದಲ್ಲಿ ತೆಂಗು, ಬಾವಿ, ತುಳಸಿಕಟ್ಟೆ ಎಲ್ಲ ಇಟ್ಟುಕೊಂಡವರಿಗೆ ಹದಿನೈದು ಮೀಟರ್ ಎಂದರೆ ಇಡೀ ಬದುಕು. ಆದರೆ ಅಗಲ ಕಡಿಮೆಯಾದಾಗ ಪಥಗಳ ಸಂಖ್ಯೆ ಕಡಿಮೆಯಾಗಲಿಲ್ಲ, ವೇಗ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನಡೆಯುವವರ ಜಾಗ, ಸರ್ವಿಸ್ ರಸ್ತೆ, ಮರಗಳ ಸಾಲು, ಗುಡ್ಡದ ಇಳಿಜಾರು.

ಭಟ್ಕಳದಿಂದ ಮುಂದೆ ಘಟ್ಟ ತೀರ ಹತ್ತಿರ ಬರುತ್ತದೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಉದ್ದದ ಸೇತುವೆ. ಬಸ್ಸಿನಲ್ಲಿದ್ದವರ ಪೈಕಿ ಕೆಲವರ ಕೈಯಲ್ಲಿ ಎಕ್ಸ್‌ರೇ ಲಕೋಟೆಗಳಿದ್ದವು. ಉತ್ತರ ಕನ್ನಡದಲ್ಲಿ ಒಂದು ದೊಡ್ಡ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಹೃದಯ, ಮಿದುಳು, ದೊಡ್ಡ ಅಪಘಾತ ಯಾವುದಾದರೂ ಮಣಿಪಾಲ, ಮಂಗಳೂರು ಇಲ್ಲವೇ ಗೋವಾ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ಬರುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ತೀರಿಕೊಂಡರು. ಅದರ ದೃಶ್ಯ ನೋಡಿದವರು ಮರೆತಿರಲಾರರು. ಈ ಜಿಲ್ಲೆಯವರಿಗೆ ಹೆದ್ದಾರಿ ಮೋಜಿನ ರಸ್ತೆಯಲ್ಲ, ಜೀವ ಉಳಿಸುವ ರಸ್ತೆ. ಅಗಲೀಕರಣ ಬೇಡ ಎಂದು ಅವರೆದುರು ನಿಂತು ನಾನು ಹೇಳಲಾರೆ. ಉದ್ದಕ್ಕೆ ಹೋಗುವವರಲ್ಲೂ ಹೋಗಲೇಬೇಕಾದವರಿದ್ದಾರೆ.

ಅಂಕೋಲೆಯ ಶಿರೂರಿಗೆ ಬಂದಾಗ ಮಳೆ ನಿಂತಿತ್ತು. ಬೈಂದೂರಿನ ಶಿರೂರಲ್ಲ ಇದು. ಗಂಗಾವಳಿಯ ದಡದ ಶಿರೂರು. ಒಂದು ಬದಿಗೆ ಗುಡ್ಡ, ಒಂದು ಬದಿಗೆ ಹೊಳೆ, ನಡುವೆ ಇಕ್ಕಟ್ಟಿನಲ್ಲಿ ಚತುಷ್ಪಥ. ಇಲ್ಲಿ ಒಂದು ಚಹಾದಂಗಡಿ ಇತ್ತು. ದೂರದ ಲಾರಿಗಳ ಚಾಲಕರು ಇಲ್ಲಿ ನಿಲ್ಲಿಸಿ ಚಹಾ ಕುಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮಲಗಿ ಹೊರಡುತ್ತಿದ್ದರು. 2024ರ ಜುಲೈ 16ರ ಬೆಳಗ್ಗೆ ಗುಡ್ಡ ಇಳಿಯಿತು. ಅಂಗಡಿ ನಡೆಸುತ್ತಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋದರು. ಲಾರಿಗಳು ಹೋದವು. ಒಂದು ಗ್ಯಾಸ್ ಟ್ಯಾಂಕರ್ ಹೊಳೆಯಲ್ಲಿ ತೇಲಿಕೊಂಡು ಹೋಯಿತು. ಒಟ್ಟು 11 ಜನರನ್ನು ಆ ದಿನ ಕಳೆದುಕೊಂಡೆವು. ಅವರಲ್ಲಿ ಇಬ್ಬರ ದೇಹ ಸಿಗಲಿಲ್ಲ. ಕೋಯಿಕ್ಕೋಡಿನ ಲಾರಿ ಚಾಲಕನೊಬ್ಬನಿಗಾಗಿ ಇಡೀ ಕೇರಳ ಟಿವಿಯ ಮುಂದೆ ಕೂತಿತ್ತು. ಸೇನೆ, ನೌಕಾಪಡೆ, ಊರಿನ ಮುಳುಗುಗಾರರು, ಕೊನೆಗೆ ಗೋವಾದಿಂದ ತಂದ ಡ್ರೆಜರ್. ಸೆಪ್ಟೆಂಬರ್ 25ರಂದು ಲಾರಿಯ ಕ್ಯಾಬಿನ್ನು ಮೇಲೆ ಬಂದಾಗ ಆತ ಒಳಗೇ ಇದ್ದ.

ಅಷ್ಟು ಸುದ್ದಿಯ ನಡುವೆ ಒಂದು ಸಂಗತಿ ಬದಿಗೆ ಉಳಿಯಿತು. ಗುಡ್ಡ ರಸ್ತೆಗೆ ಬಂದು ನಿಲ್ಲಲಿಲ್ಲ. ರಸ್ತೆ ದಾಟಿತು. ಅಷ್ಟೂ ಮಣ್ಣು ಒಮ್ಮೆಲೇ ಗಂಗಾವಳಿಗೆ ಬಿದ್ದು ಹೊಳೆಯ ನೀರು ಅಲೆಯಾಗಿ ಎದ್ದು ಎದುರು ದಡದ ಉಳುವರೆಗೆ ನುಗ್ಗಿತು. ಅಲ್ಲಿನ ಮನೆಗಳು ನೆಲಸಮವಾದವು, ಒಬ್ಬ ವೃದ್ಧೆ ಕೊಚ್ಚಿಹೋದರು. ಆಕೆಯ ಮನೆ ಹೆದ್ದಾರಿಯ ಬದಿಯಲ್ಲಿರಲಿಲ್ಲ. ನಡುವೆ ತುಂಬಿದ ಹೊಳೆಯೇ ಇತ್ತು. ಈ ಬದಿಯಲ್ಲಿ ಕಡಿದ ಗುಡ್ಡಕ್ಕೆ ಆ ಬದಿಯಲ್ಲಿ ಪ್ರಾಣ ತೆತ್ತದ್ದು. ಘಟ್ಟದಿಂದ ಕಡಲಿನ ಕಡೆಗೆ ಈ ನೆಲದಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದೆ. ಗುಡ್ಡದ ಬುಡ, ರಸ್ತೆ, ಹೊಳೆ, ಆಚೆ ದಡ ಎಂದು ಇಲಾಖೆಗಳು ಹಂಚಿಕೊಂಡಿದ್ದರೂ ಮಣ್ಣಿಗೂ ನೀರಿಗೂ ಆ ಹಂಚಿಕೆ ಗೊತ್ತಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಡೆ ರಸ್ತೆಯ ನಕ್ಷೆಯನ್ನು ಉದ್ದಕ್ಕೆ ಮಾತ್ರ ಬರೆದರೆ ಸಾಲದು. ಪ್ರತಿ ಗುಡ್ಡದ ನೆತ್ತಿಯಿಂದ ಹೊಳೆಯ ಆಚೆ ದಡದವರೆಗೆ ಅಡ್ಡಲಾಗಿಯೂ ಬರೆಯಬೇಕು. ಉಳುವರೆಯವರನ್ನು ಕೂರಿಸಿಕೊಂಡು ಬರೆಯಬೇಕು.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಆ ಜಾಗದಲ್ಲಿ ಲಾರಿಗಳು ವೇಗ ತಗ್ಗಿಸುತ್ತವೆ, ಚಾಲಕರು ಒಮ್ಮೆ ಗುಡ್ಡದ ಕಡೆ ನೋಡುತ್ತಾರೆ.

ಕಾರವಾರದ ಹತ್ತಿರ ಗುಡ್ಡಗಳೇ ಕಡಲಿಗೆ ಇಳಿದಿವೆ. ಅರ್ಗಾ, ಬಿಣಗಾದ ಕಡೆ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಕೊಂಕಣ ರೈಲ್ವೆ ಬಂತು, ಚತುಷ್ಪಥ ಬಂತು. ಒಂದೇ ತಲೆಮಾರು ಮತ್ತೆ ಮತ್ತೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ಬಿಣಗಾದಿಂದ ಪೇಟೆಗೆ ಈಗ ಸುರಂಗದ ದಾರಿ. ನೀರು ಸೋರುತ್ತದೆಂದು 2023ರ ಜುಲೈಯಲ್ಲಿ ಅದನ್ನು ಕೆಲಕಾಲ ಮುಚ್ಚಿಸಿದ್ದರು. ಸುರಂಗದಿಂದ ಹೊರಬಂದರೆ ಒಮ್ಮೆಲೇ ಬೆಳಕು, ಬಂದರು, ಕಡಲು.

ಪೇಟೆಯ ಬಡಗಣದಲ್ಲಿ ಕಾಳಿ ಹೊಳೆ. ಆಚೆ ದಡದ ಸದಾಶಿವಗಡ, ಅಲ್ಲಿಂದ ಮುಂದೆ ಮಾಜಾಳಿ, ಗೋವಾ ಗಡಿ. ಚತುಷ್ಪಥಕ್ಕಾಗಿ ಹೊಸ ಸೇತುವೆಯೊಂದನ್ನು ಕಟ್ಟಿ, 41 ವರ್ಷದ ಹಳೆಯ ಸೇತುವೆಯನ್ನು ಗೋವಾದಿಂದ ಬರುವ ವಾಹನಗಳಿಗೆ ಉಳಿಸಿಕೊಂಡಿದ್ದರು. ಶಿರೂರಿನ ದುರಂತದ ಹುಡುಕಾಟ ಇನ್ನೂ ಮುಗಿಯದ ಹೊತ್ತಿನಲ್ಲಿ, 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಆ ಹಳೆಯ ಸೇತುವೆ ಹೊಳೆಗೆ ಕುಸಿಯಿತು. ಸೇತುವೆಯ ಮೇಲಿದ್ದ ಲಾರಿಯೊಂದು ಕೆಳಗೆ ಬಿತ್ತು. ಚಾಲಕ ಕ್ಯಾಬಿನ್ನಿನ ಮೇಲೆ ಹತ್ತಿ ನಿಂತಿದ್ದ. ಕತ್ತಲಲ್ಲಿ ದೋಣಿ ಇಳಿಸಿ ಅವನನ್ನು ದಡಕ್ಕೆ ತಂದವರು ಮೀನುಗಾರರು ಮತ್ತು ಪೊಲೀಸರು. ಕಡವಿನ ಕಾಲದಲ್ಲಿ ಈ ಹೊಳೆಯನ್ನು ದಾಟಿಸುತ್ತಿದ್ದವರ ಮೊಮ್ಮಕ್ಕಳೇ ಅವರಲ್ಲಿದ್ದಿರಬಹುದು.

ಸದಾಶಿವಗಡ, ಮಾಜಾಳಿ, ಚಿತ್ತಾಕುಲದವರಿಗೆ ಕಾಳಿ ದಾಟುವುದೆಂದರೆ ದಿನನಿತ್ಯದ ಕೆಲಸ. ಕಾಲೇಜು, ಕಚೇರಿ, ಆಸ್ಪತ್ರೆ, ಮೀನು ಮಾರುಕಟ್ಟೆ ಎಲ್ಲ ಈಚೆ ದಡದಲ್ಲಿ. ನಾನು ದಾಟಿದ ಸಂಜೆ ಉಳಿದ ಸೇತುವೆಯೊಂದರಲ್ಲೇ ಎರಡೂ ಕಡೆಯ ವಾಹನಗಳು ಸಾಗುತ್ತಿದ್ದವು. ಹಳೆಯದರ ಜಾಗದಲ್ಲಿ ಮತ್ತೊಂದು ಸೇತುವೆ ಏಳಬೇಕು. ಅದರ ಎರಡೂ ಬದಿಗೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಕಾಲುದಾರಿ, ಲಾರಿಗಳಿಂದ ಕಾಯುವ ಕಟ್ಟೆ, ರಾತ್ರಿ ಉರಿಯುವ ದೀಪ, ಸೇತುವೆಯ ಎರಡೂ ತುದಿಯಲ್ಲಿ ಹೆದ್ದಾರಿಯ ಅಡಿಯಿಂದ ದಾಟಲು ಒಂದೊಂದು ಅಂಡರ್‌ಪಾಸ್ ಇರಲಿ. ಕೆಲಸ ಶುರು ಮಾಡುವ ಮೊದಲು ಒಂದು ವಾರ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಯಾರಾದರೂ ಅಲ್ಲಿ ಕೂತು ನಡೆದು ದಾಟುವವರನ್ನೂ ಎಣಿಸಲಿ.